ಹಿಮಾಲಯದ ತಡವಾದ ಹಿಮ ಮತ್ತು ಮುಂಗಾರಿನ ಮುನ್ಸೂಚನೆ: ಹೆನ್ರಿ ಬ್ಲ್ಯಾನ್‌ಫರ್ಡ್ ಅವರ ಜೀವನ



ಪ್ರತಿ ವರ್ಷ ಏಪ್ರಿಲ್ ತಿಂಗಳಿನಲ್ಲಿ ಭಾರತ ಹವಾಮಾನ ಇಲಾಖೆಯು ಮುಂಗಾರಿನ ಮೊದಲ ಮುನ್ಸೂಚನೆಯನ್ನು ಪ್ರಕಟಿಸುತ್ತದೆ. ಆ ಹೊತ್ತಿಗೆ ನೀವು ಹೊಲಕ್ಕೆ ಕೊಟ್ಟಿಗೆ ಗೊಬ್ಬರ ಸಾಗಿಸುತ್ತ, ಬಿತ್ತನೆ ಬೀಜದ ಲೆಕ್ಕ ಹಾಕುತ್ತಿರುತ್ತೀರಿ. ಆ ಮುನ್ಸೂಚನೆಯಲ್ಲಿ ಎರಡು ಸಂಖ್ಯೆಗಳಿರುತ್ತವೆ. ದೇಶದ ಮಳೆಯು ದೀರ್ಘಾವಧಿ ಸರಾಸರಿಯ ಶೇಕಡಾ ಎಷ್ಟು ಬರಬಹುದು ಎಂಬುದು ಮೊದಲನೆಯದು. ಆ ಅಂದಾಜು ಶೇಕಡಾ 5ರಷ್ಟು ಹೆಚ್ಚು ಅಥವಾ ಕಡಿಮೆಯಾಗಬಹುದು ಎಂಬುದು ಎರಡನೆಯದು. ಮೊದಲ ಸಂಖ್ಯೆ ಊರ ಕಟ್ಟೆಯವರೆಗೂ ತಲುಪುತ್ತದೆ. ಎರಡನೆಯದು ದಾರಿಯಲ್ಲಿಯೇ ಉಳಿದುಬಿಡುತ್ತದೆ.

ಈ ಎರಡನೆಯ ಸಂಖ್ಯೆಯ ಬೆಲೆಯನ್ನು ಅರಿಯಲು, ನಮ್ಮ ದೇಶದಲ್ಲಿ ಮುಂಗಾರಿನ ಮುನ್ಸೂಚನೆಯನ್ನು ಆರಂಭಿಸಿದ ಹೆನ್ರಿ ಫ್ರಾನ್ಸಿಸ್ ಬ್ಲ್ಯಾನ್‌ಫರ್ಡ್ ಅವರ ಜೀವನವನ್ನು ತಿಳಿಯುವುದು ಉಪಯುಕ್ತ. ಅವರು ಮುಂಗಾರಿನ ಸುಳಿವನ್ನು ಹುಡುಕಿದ್ದು ಸಮುದ್ರದಲ್ಲಿ ಅಲ್ಲ, ವಸಂತ ಕಾಲದಲ್ಲಿ ಹಿಮಾಲಯದ ಮೇಲೆ ತಡವಾಗಿ ಬೀಳುವ ಹಿಮದಲ್ಲಿ. ಆ ಹಿಮದ ಪ್ರಮಾಣವನ್ನು ನಿಖರವಾಗಿ ಅಳೆಯುವ ಸಾಧನ ಅವರ ಬಳಿ ಇರಲಿಲ್ಲ. ಆದರೂ ಅವರು ಮುನ್ಸೂಚನೆ ನೀಡುವ ಹೊಣೆಯನ್ನು ಹೊತ್ತರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಬ್ಲ್ಯಾನ್‌ಫರ್ಡ್ ಅವರು 1834ರ ಜೂನ್ 3ರಂದು ಲಂಡನ್ ನಗರದಲ್ಲಿ ಜನಿಸಿದರು. ಅವರ ಅಣ್ಣ ವಿಲಿಯಂ ಥಾಮಸ್ ಬ್ಲ್ಯಾನ್‌ಫರ್ಡ್ ಮುಂದೆ ಭೂವಿಜ್ಞಾನಿಯಾಗಿಯೂ ಪ್ರಾಣಿವಿಜ್ಞಾನಿಯಾಗಿಯೂ ಹೆಸರಾದವರು. ಸಹೋದರರಿಬ್ಬರೂ ಲಂಡನ್ನಿನ ಗಣಿ ವಿದ್ಯಾಲಯದಲ್ಲಿ ಓದಿದರು. ಹೆನ್ರಿ ಅವರು ಅನಂತರ ಜರ್ಮನಿಯ ಫ್ರೈಬರ್ಗ್ ಗಣಿಗಾರಿಕಾ ವಿದ್ಯಾಲಯದಲ್ಲಿಯೂ ಕೆಲಕಾಲ ಅಭ್ಯಾಸ ಮಾಡಿದರು.

1855ರಲ್ಲಿ ಇಬ್ಬರೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಲ್ಲಿ ಉದ್ಯೋಗ ಪಡೆದು ಕಲ್ಕತ್ತೆಗೆ ಬಂದಿಳಿದರು. ಆಗ ಹೆನ್ರಿ ಅವರಿಗೆ 21 ವರ್ಷ. ಕಲ್ಲು, ಮಣ್ಣು ಮತ್ತು ಕಲ್ಲಿದ್ದಲಿನ ಶೋಧನೆಗಾಗಿ ಬಂದ ಈ ಯುವಕ ಮುಂದೆ ಆಕಾಶವನ್ನು ಓದುವ ಕೆಲಸಕ್ಕೆ ತಿರುಗಿದರು.

ಒಡಿಶಾದ ಬಿಸಿಲಿನಲ್ಲಿ ಹಿಮದ ಗುರುತು

ಅವರ ಮೊದಲ ಮಹತ್ವದ ಕೆಲಸ ನಡೆದದ್ದು ಒಡಿಶಾದ ತಾಲ್ಚೇರ್ ಕಲ್ಲಿದ್ದಲು ಪ್ರದೇಶದಲ್ಲಿ. ಅಲ್ಲಿ ನುಣ್ಣನೆಯ ಕೆಸರು ಗಟ್ಟಿಯಾಗಿ ಆದ ಪದರದೊಳಗೆ ದೊಡ್ಡ ದೊಡ್ಡ ಗುಂಡುಕಲ್ಲುಗಳು ಹುದುಗಿದ್ದವು. ನುಣ್ಣನೆಯ ಕೆಸರನ್ನು ಇಳಿಸುವಷ್ಟು ನಿಧಾನವಾಗಿ ಹರಿಯುವ ನೀರಿಗೆ ಅಷ್ಟು ಭಾರದ ಕಲ್ಲುಗಳನ್ನು ಹೊತ್ತು ತರುವ ಬಲವಿರುವುದಿಲ್ಲ. ಇದನ್ನು ನೀವು ನಿಮ್ಮ ಹಳ್ಳದಲ್ಲಿಯೇ ನೋಡಿರುತ್ತೀರಿ: ನೀರು ರಭಸವಾಗಿರುವಲ್ಲಿ ಕಲ್ಲು ಉಳಿಯುತ್ತದೆ, ನೀರು ನಿಂತಲ್ಲಿ ಮೆಕ್ಕಲು ಮಣ್ಣು ಕೂರುತ್ತದೆ.

ಹಾಗಾದರೆ ಆ ಕಲ್ಲುಗಳನ್ನು ಅಲ್ಲಿಗೆ ತಂದದ್ದು ಏನು? ಬ್ಲ್ಯಾನ್‌ಫರ್ಡ್ ಸಹೋದರರು ಮತ್ತು ಅವರ ಸಹೋದ್ಯೋಗಿ ವಿಲಿಯಂ ಥಿಯೋಬಾಲ್ಡ್ ಅವರು, ಅದು ಮಂಜುಗಡ್ಡೆಯ ಕೆಲಸವಾಗಿರಬೇಕು ಎಂದು 1856ರಲ್ಲಿ ಸೂಚಿಸಿದರು. ಬಿಸಿಲಿನ ನಾಡಾದ ಒಡಿಶಾದಲ್ಲಿ ಒಂದು ಕಾಲಕ್ಕೆ ಹಿಮವಿತ್ತು ಎಂಬ ಮಾತನ್ನು ಒಪ್ಪುವುದು ಆಗ ಸುಲಭವಾಗಿರಲಿಲ್ಲ. ಸುಮಾರು 30 ಕೋಟಿ ವರ್ಷಗಳ ಹಿಂದೆ ಭಾರತದ ಭೂಭಾಗದ ಮೇಲೆ ಹಿಮದ ಹೊದಿಕೆ ಹರಡಿತ್ತೆಂಬುದನ್ನು ವಿಜ್ಞಾನ ಇಂದು ಒಪ್ಪಿದೆ.

ಮುಂದಿನ ವರ್ಷಗಳಲ್ಲಿ ಅವರು ದಕ್ಷಿಣಕ್ಕೆ ಬಂದರು. ನಮ್ಮ ಗಡಿಗೆ ಹೊಂದಿಕೊಂಡಿರುವ ನೀಲಗಿರಿ ಬೆಟ್ಟಗಳ ಶಿಲಾರಚನೆಯನ್ನು ಅಧ್ಯಯನ ಮಾಡಿದರು. ತಿರುಚಿರಾಪಳ್ಳಿ ಮತ್ತು ಪುದುಚೇರಿಯ ಸುತ್ತಲಿನ ಪದರಗಳಲ್ಲಿ ದೊರೆತ ಸಮುದ್ರಜೀವಿಗಳ ಪಳೆಯುಳಿಕೆಗಳನ್ನು ವರ್ಗೀಕರಿಸಿದರು. ಬಯಲಿನ ಸತತ ತಿರುಗಾಟದಿಂದ ಆರೋಗ್ಯ ಕೆಟ್ಟಿತು. 1862ರಲ್ಲಿ ಸರ್ವೇಕ್ಷಣಾ ಸಂಸ್ಥೆಯನ್ನು ಬಿಟ್ಟು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು.

ಚಂಡಮಾರುತ ತೋರಿದ ದಾರಿ

1864ರ ಅಕ್ಟೋಬರ್ 5ರಂದು ಕಲ್ಕತ್ತೆಗೆ ಭೀಕರ ಚಂಡಮಾರುತ ಅಪ್ಪಳಿಸಿತು. ಹೂಗ್ಲಿ ನದಿಯ ಮೂಲಕ ಸಮುದ್ರದ ನೀರು ಒಳನಾಡಿಗೆ ನುಗ್ಗಿತು. ಸತ್ತವರ ಸಂಖ್ಯೆ ಸುಮಾರು 60,000 ಎಂಬ ಅಂದಾಜಿದೆ. ಆ ದುರಂತದ ಕುರಿತು ವಿವರವಾದ ವರದಿ ಸಿದ್ಧಪಡಿಸುವ ಕೆಲಸವನ್ನು ಬ್ಲ್ಯಾನ್‌ಫರ್ಡ್ ಮತ್ತು ಗ್ಯಾಸ್ಟ್ರೆಲ್ ಎಂಬ ಸೇನಾಧಿಕಾರಿ ಕೈಗೊಂಡರು.

ಚಂಡಮಾರುತವೊಂದು ಸಮುದ್ರದಲ್ಲಿ ದಿನಗಟ್ಟಲೆ ಬೆಳೆದು ಬಂದರೂ ದಡದಲ್ಲಿದ್ದ ಜನರಿಗೆ ಒಂದು ಮಾತಿನ ಎಚ್ಚರಿಕೆಯೂ ಸಿಕ್ಕಿರಲಿಲ್ಲ. 1865ರಲ್ಲಿ ಕಲ್ಕತ್ತೆಯ ಬಂದರಿಗೆ ಬಿರುಗಾಳಿಯ ಎಚ್ಚರಿಕೆ ನೀಡುವ ವ್ಯವಸ್ಥೆ ಆರಂಭವಾಯಿತು. 1867ರಲ್ಲಿ ಬ್ಲ್ಯಾನ್‌ಫರ್ಡ್ ಅವರು ಬಂಗಾಳ ಸರ್ಕಾರದ ಹವಾಮಾನ ವರದಿ ಅಧಿಕಾರಿಯಾದರು. ಈ ನಡುವೆ ಮಳೆಯ ವೈಫಲ್ಯದಿಂದ ಒಡಿಶಾದಲ್ಲಿ 1866ರ ಕ್ಷಾಮ ತಲೆದೋರಿ ಲಕ್ಷಾಂತರ ಜನ ಪ್ರಾಣ ಕಳೆದುಕೊಂಡರು. ಅತಿಯಾದ ಗಾಳಿಮಳೆಯೂ ಬಾರದ ಮಳೆಯೂ ಒಂದೇ ರೀತಿಯಲ್ಲಿ ಕೊಲ್ಲುತ್ತವೆ ಎಂಬುದನ್ನು ಎರಡು ವರ್ಷಗಳ ಅಂತರದಲ್ಲಿ ಪೂರ್ವ ಭಾರತ ಕಂಡಿತು.

1875ರಲ್ಲಿ ಭಾರತ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಬ್ಲ್ಯಾನ್‌ಫರ್ಡ್ ಅದರ ಮೊದಲ ಮುಖ್ಯಸ್ಥರಾದರು. ಅಲ್ಲಿಯವರೆಗೆ ಪ್ರಾಂತ್ಯಗಳು ತಮ್ಮ ತಮ್ಮ ಪದ್ಧತಿಯಂತೆ ಹವೆಯನ್ನು ಅಳೆಯುತ್ತಿದ್ದವು. ಒಂದು ಊರಿನ ವಾಯುಭಾರ ಮಾಪಕವನ್ನು ಇನ್ನೊಂದು ಊರಿನದರೊಡನೆ ಹೋಲಿಸಲು ಆಗುತ್ತಿರಲಿಲ್ಲ. ಒಂದೇ ರೀತಿಯ ಉಪಕರಣ, ಒಂದೇ ರೀತಿಯ ವಿಧಾನ ಎಂಬ ಶಿಸ್ತನ್ನು ಅವರು ತಂದರು. ವೀಕ್ಷಕರಿಗಾಗಿ ಕೈಪಿಡಿಯೊಂದನ್ನು ಬರೆದರು. ಒಂದು ಗ್ರಾಮದಲ್ಲಿ ಸೇರಿನಿಂದಲೂ ಇನ್ನೊಂದರಲ್ಲಿ ಕೊಳಗದಿಂದಲೂ ಅಳೆದ ರಾಗಿಯನ್ನು ಕೂಡಿಸಲು ಹೇಗೆ ಬಾರದೋ, ಅಳತೆ ಒಂದಾಗದೆ ಹವೆಯ ಲೆಕ್ಕವೂ ಕೂಡುವುದಿಲ್ಲ.

ಧಾತು–ಈಶ್ವರ ಸಂವತ್ಸರಗಳ ಬರ

ಹೊಸ ಇಲಾಖೆಗೆ ಒಂದು ವರ್ಷ ತುಂಬುವಷ್ಟರಲ್ಲಿ ಮಹಾಕ್ಷಾಮ ಬಂದೆರಗಿತು. 1876ರಲ್ಲಿ ದಕ್ಷಿಣದಲ್ಲಿ ಮಳೆ ಕೈಕೊಟ್ಟಿತು. 1877ರಲ್ಲಿ ಕೊರತೆ ಉತ್ತರ ಮತ್ತು ವಾಯವ್ಯ ಭಾರತಕ್ಕೂ ಹರಡಿತು. ದೇಶದ ಮಳೆ ದಾಖಲೆಗಳಲ್ಲಿ 1877ರ ಮುಂಗಾರು ಅತ್ಯಂತ ಕೊರತೆಯ ಮುಂಗಾರುಗಳಲ್ಲಿ ಒಂದು.

ನಮ್ಮ ಹಿರಿಯರು ಇದನ್ನು ಧಾತು ಈಶ್ವರ ಬರವೆಂದು ನೆನೆಯುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷಕ್ಕೂ ಹೆಚ್ಚಿತ್ತು. 1881ರ ಗಣತಿಯಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಹೆಚ್ಚಬೇಕಾಗಿದ್ದ ಸಂಖ್ಯೆ ಎಂಟು ಲಕ್ಷದಷ್ಟು ಕುಗ್ಗಿತು. ಜಾನುವಾರುಗಳು ಸತ್ತವು, ಉಳುವ ಎತ್ತುಗಳಿಲ್ಲದೆ ಹೊಲಗಳು ಬೀಳುಬಿದ್ದವು.

ಈ ಬರದ ಬಳಿಕ ಸರ್ಕಾರವು ಬ್ಲ್ಯಾನ್‌ಫರ್ಡ್ ಅವರ ಮುಂದೆ ಒಂದು ಕೆಲಸವನ್ನಿಟ್ಟಿತು: ಮುಂಗಾರು ಹೇಗಿರುತ್ತದೆಂಬುದನ್ನು ಮೊದಲೇ ತಿಳಿಸಲು ಸಾಧ್ಯವೇ ಎಂದು ನೋಡಬೇಕು. ಕೆಲವು ವಾರಗಳ ಮೊದಲು ತಿಳಿದರೂ ಧಾನ್ಯ ಸಾಗಿಸಲು, ಪರಿಹಾರ ಕಾಮಗಾರಿ ತೆರೆಯಲು ಅವಕಾಶ ಸಿಗುತ್ತದೆ. ಆಗ ಉಪಗ್ರಹಗಳಿರಲಿಲ್ಲ, ಸಮುದ್ರದ ಮೇಲಿನ ನಿತ್ಯದ ಮಾಹಿತಿ ಇರಲಿಲ್ಲ, ಮೇಲಿನ ವಾಯುಪದರಗಳ ಅಳತೆ ಇರಲಿಲ್ಲ. ಇದ್ದದ್ದು ಕೆಲವೇ ವರ್ಷಗಳ ವಾಯುಭಾರ, ಉಷ್ಣತೆ ಮತ್ತು ಮಳೆಯ ದಾಖಲೆ.

ತಡವಾದ ಹಿಮ, ಒಣಗಾಳಿ ಮತ್ತು ಮುಂಗಾರು

ಆ ದಾಖಲೆಗಳಲ್ಲಿ ಒಂದು ಸಂಗತಿ ಅವರ ಗಮನ ಸೆಳೆಯಿತು. ವಾಯವ್ಯ ಹಿಮಾಲಯದಲ್ಲಿ ಹಿಮ ಹೆಚ್ಚಾಗಿ, ಅದರಲ್ಲಿಯೂ ವಸಂತದಲ್ಲಿ ತಡವಾಗಿ ಬಿದ್ದ ವರ್ಷಗಳಲ್ಲಿ ವಾಯವ್ಯ ಮತ್ತು ಪಶ್ಚಿಮ ಭಾರತದ ಬಯಲಿನಲ್ಲಿ ಒಣಗಾಳಿ ಬಹುದಿನ ಬೀಸುತ್ತಿತ್ತು. ಮುಂಗಾರು ತಡವಾಗುತ್ತಿತ್ತು ಅಥವಾ ಬಡವಾಗುತ್ತಿತ್ತು.

ಇದರ ಹಿಂದಿನ ವಿಚಾರ ಸರಳ. ಮುಂಗಾರು ಮಾರುತಗಳು ಸಮುದ್ರದಿಂದ ನೆಲದ ಕಡೆಗೆ ಬರಬೇಕಾದರೆ ನೆಲ ಚೆನ್ನಾಗಿ ಕಾಯಬೇಕು. ಕಾದ ನೆಲದ ಮೇಲೆ ವಾಯುಭಾರ ಕುಸಿಯುತ್ತದೆ, ತೇವಭರಿತ ಗಾಳಿ ಅತ್ತ ಹರಿಯುತ್ತದೆ. ಹೊಸದಾಗಿ ಬಿದ್ದ ಹಿಮವಾದರೋ ತನ್ನ ಮೇಲೆ ಬಿದ್ದ ಬಿಸಿಲಿನ ಶೇಕಡಾ 80ಕ್ಕೂ ಹೆಚ್ಚು ಭಾಗವನ್ನು ಮರಳಿ ಆಕಾಶಕ್ಕೆ ಕಳುಹಿಸುತ್ತದೆ. ಉಳಿದ ಶಾಖವೂ ನೆಲಕ್ಕೆ ದಕ್ಕುವುದಿಲ್ಲ. ಹಿಮವನ್ನು ಕರಗಿಸಲು ಖರ್ಚಾಗುತ್ತದೆ. ಒಂದು ಕಿಲೋ ಮಂಜುಗಡ್ಡೆಯನ್ನು ಕರಗಿಸಲು ಬೇಕಾದ ಶಾಖದಿಂದ, ಮಂಜಿನಷ್ಟು ತಣ್ಣಗಿರುವ ಒಂದು ಕಿಲೋ ನೀರನ್ನು ಸುಮಾರು 80 ಡಿಗ್ರಿಯವರೆಗೆ ಬಿಸಿ ಮಾಡಬಹುದು.

ಜನವರಿಯಲ್ಲಿ ಬಿದ್ದ ಹಿಮಕ್ಕೆ ಕರಗಲು ಬೇಕಾದಷ್ಟು ಕಾಲವಿದೆ. ಏಪ್ರಿಲ್ ಅಥವಾ ಮೇ ತಿಂಗಳಿನಲ್ಲಿ ಬಿದ್ದ ಹಿಮ ಮುಂಗಾರಿನ ಹೊಸ್ತಿಲಿನಲ್ಲಿಯೇ ಬೆಟ್ಟವನ್ನು ತಣ್ಣಗಿಡುತ್ತದೆ. ತಣಿದ ಗಾಳಿ ಭಾರವಾಗಿ ಬಯಲಿಗಿಳಿದು ಒಣಗಾಳಿಯಾಗಿ ಬೀಸುತ್ತದೆ. ನಮ್ಮ ಪಂಚಾಂಗದಲ್ಲಿ ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳಿಗಾಗಿ ನೀವು ಕಾಯುವ ದಿನಗಳೇ ಇವು. ಸಾವಿರಾರು ಕಿಲೋಮೀಟರ್ ದೂರದ ಹಿಮವನ್ನು ಬ್ಲ್ಯಾನ್‌ಫರ್ಡ್ ಅದೇ ದಿನಗಳಲ್ಲಿ ಗಮನಿಸುತ್ತಿದ್ದರು.

ಹಿಮದ ಪ್ರಮಾಣ ಏಕೆ ನಿಖರವಾಗಿ ದೊರೆಯುವುದಿಲ್ಲ

ವಿಚಾರ ಸರಳವಾದರೂ ಅಳತೆ ಸರಳವಾಗಿರಲಿಲ್ಲ. ಮಳೆಯನ್ನು ಅಳೆಯುವುದು ನಿಮಗೆ ಗೊತ್ತು: ಮಳೆಮಾಪಕದಲ್ಲಿ ಬಿದ್ದ ನೀರನ್ನು ಅಳತೆ ಗಾಜಿಗೆ ಸುರಿದರೆ ಮುಗಿಯಿತು. ಹಿಮದಲ್ಲಿ ಹಾಗಾಗುವುದಿಲ್ಲ.

ಮೊದಲನೆಯದಾಗಿ, ಹಿಮ ಹಗುರ. ಗಾಳಿ ಅದನ್ನು ಮಾಪಕದ ಬಾಯಿಯ ಮೇಲಿಂದಲೇ ಹಾರಿಸಿಕೊಂಡು ಹೋಗುತ್ತದೆ. ಹಾಗಾಗಿ ಬಿದ್ದದ್ದಕ್ಕಿಂತ ಕಡಿಮೆ ದಾಖಲಾಗುತ್ತದೆ. ಇನ್ನೊಂದೆಡೆ ಗಾಳಿ ತಂದು ಗುಡ್ಡೆ ಹಾಕಿದಲ್ಲಿ ಆಳ ಅಳೆದರೆ ಹೆಚ್ಚು ಸಿಗುತ್ತದೆ.

ಎರಡನೆಯದಾಗಿ, ಆಳವೊಂದೇ ನೀರಿನ ಪ್ರಮಾಣವನ್ನು ಹೇಳುವುದಿಲ್ಲ. 10 ಮಿಲಿಮೀಟರ್ ನೀರು ಸಾಮಾನ್ಯವಾಗಿ ಸುಮಾರು 10 ಸೆಂಟಿಮೀಟರ್ ಹಿಮವಾಗುತ್ತದೆ ಎಂಬ ಲೆಕ್ಕವಿದೆ. ಆದರೆ ವಸಂತದ ಒದ್ದೆ ಹಿಮದಲ್ಲಿ ಅದೇ ನೀರು 5 ಸೆಂಟಿಮೀಟರಿನಲ್ಲಿಯೇ ಅಡಗಬಹುದು. ಚಳಿಗಾಲದ ಒಣ ಹಿಮದಲ್ಲಿ 15 ಅಥವಾ 20 ಸೆಂಟಿಮೀಟರ್ ಆಗಬಹುದು. ಕಾಳನ್ನು ತೂಗಿದಾಗ ಬರುವ ಲೆಕ್ಕವೇ ಬೇರೆ, ಹೊಟ್ಟಿನೊಡನೆ ರಾಶಿಯ ಎತ್ತರ ನೋಡಿ ಹೇಳುವ ಲೆಕ್ಕವೇ ಬೇರೆ.

ಮೂರನೆಯದಾಗಿ, ತಡವಾದ ಹಿಮಪಾತ ನಡೆಯುವುದು ಕರಗುವ ಉಷ್ಣತೆಯ ಅಂಚಿನಲ್ಲಿ. ಬೆಟ್ಟ ಹತ್ತುತ್ತ ಹೋದಂತೆ ಪ್ರತಿ ಕಿಲೋಮೀಟರ್ ಎತ್ತರಕ್ಕೆ ಉಷ್ಣತೆ ಸರಾಸರಿ 6.5 ಡಿಗ್ರಿಯಷ್ಟು ಇಳಿಯುತ್ತದೆ. ಅಂದರೆ ಉಷ್ಣತೆಯ ಅಂದಾಜಿನಲ್ಲಿ ಒಂದೇ ಡಿಗ್ರಿ ತಪ್ಪಾದರೆ ಹಿಮ ಮತ್ತು ಮಳೆಯ ಗಡಿ ಸುಮಾರು 150 ಮೀಟರ್ ಮೇಲೆ ಅಥವಾ ಕೆಳಗೆ ಸರಿಯುತ್ತದೆ. ಒಂದೇ ಬಿರುಗಾಳಿಯಲ್ಲಿ ಮೇಲಿನ ಹಳ್ಳಿಗೆ ಮೊಣಕಾಲುದ್ದ ಹಿಮ ಬಿದ್ದು, ಕೆಳಗಿನ ಹಳ್ಳಿಗೆ ಬರಿಯ ಮಳೆ ಬರಬಹುದು. ಕೆಳಗೆ ಬಿದ್ದ ಹಿಮವೂ ಕಾದ ನೆಲದ ಮೇಲೆ ಅಳೆಯುವ ಮೊದಲೇ ಕರಗಬಹುದು. ಇಂದಿಗೂ ಕಾಶ್ಮೀರ ಮತ್ತು ಹಿಮಾಚಲದ ಸೇಬು ಬೆಳೆಗಾರರಿಗೆ ಇದೇ ಚಿಂತೆ. ಏಪ್ರಿಲ್‌ನಲ್ಲಿ ಮರ ಹೂಬಿಟ್ಟಾಗ ಒದ್ದೆ ಹಿಮ ಬಿದ್ದರೆ ಹೂ ಉದುರುತ್ತದೆ, ಭಾರಕ್ಕೆ ಕೊಂಬೆ ಮುರಿಯುತ್ತದೆ. ಹಿಮ ಬರುತ್ತದೆಂದು ಹೇಳಬಹುದು. ಯಾವ ತೋಟಕ್ಕೆ ಎಷ್ಟು ಎಂದು ಹೇಳುವುದು ಕಷ್ಟ.

ನಾಲ್ಕನೆಯದಾಗಿ, ಹಿಮಾಲಯ ಸುಮಾರು 2,400 ಕಿಲೋಮೀಟರ್ ಉದ್ದದ ಶ್ರೇಣಿ. ವೀಕ್ಷಕರಿದ್ದದ್ದು ಶಿಮ್ಲಾದಂತಹ, ಸುಮಾರು 2,200 ಮೀಟರ್ ಎತ್ತರದ ಗಿರಿಧಾಮಗಳಲ್ಲಿ. ಹಿಮ ಹೆಚ್ಚಾಗಿ ನಿಲ್ಲುವುದು ಅದಕ್ಕಿಂತ ಬಹು ಎತ್ತರದ, ಜನವಸತಿಯಿಲ್ಲದ ಕಣಿವೆ ಶಿಖರಗಳಲ್ಲಿ. ಹೀಗಾಗಿ ಬ್ಲ್ಯಾನ್‌ಫರ್ಡ್ ಅವರ ಕೈಗೆ ಬಂದ ಮಾಹಿತಿ ಹರಕು ಹರಕಾಗಿತ್ತು. ಒಟ್ಟು ಎಷ್ಟು ಹಿಮ ಬಿದ್ದಿದೆ ಎಂಬುದಕ್ಕಿಂತ, ಎಂದಿಗಿಂತ ಹೆಚ್ಚೋ ಕಡಿಮೆಯೋ, ಬೇಗನೆಯೋ ತಡವಾಗಿಯೋ ಎಂಬುದನ್ನಷ್ಟೇ ಅದರಿಂದ ಗ್ರಹಿಸಬಹುದಿತ್ತು.

1884ರ ಪ್ರಬಂಧ, 1886ರ ಮುನ್ಸೂಚನೆ

ಇಂತಹ ಅಪೂರ್ಣ ಮಾಹಿತಿಯಿಂದ ಮುನ್ಸೂಚನೆ ನೀಡಬೇಕೇ ಬೇಡವೇ? ತಪ್ಪಿದರೆ ಇಲಾಖೆಯ ಮೇಲಿನ ನಂಬಿಕೆಯೇ ಹೋಗುತ್ತದೆ. ಹೇಳದೆ ಉಳಿದರೆ, ಇದ್ದ ಸುಳಿವೂ ಯಾರಿಗೂ ಪ್ರಯೋಜನವಾಗದೆ ಹೋಗುತ್ತದೆ. ಬ್ಲ್ಯಾನ್‌ಫರ್ಡ್ ಅವರು ನಡುವಿನ ದಾರಿ ಹಿಡಿದರು. 1882ರಿಂದ 1885ರವರೆಗೆ ನಾಲ್ಕು ವರ್ಷ ತಮ್ಮ ಅಂದಾಜುಗಳನ್ನು ತಾತ್ಕಾಲಿಕ ಮುನ್ಸೂಚನೆಗಳೆಂದೇ ನೀಡಿ, ಮಳೆಗಾಲ ಮುಗಿದ ಮೇಲೆ ಅವನ್ನು ನಿಜವಾದ ಮಳೆಯೊಡನೆ ತಾಳೆ ನೋಡಿದರು.

1884ರಲ್ಲಿ ಹಿಮಾಲಯದ ಹಿಮಪಾತಕ್ಕೂ ಒಣಗಾಳಿ ಮತ್ತು ಬರಗಾಲಕ್ಕೂ ಇರುವ ಸಂಬಂಧದ ಕುರಿತ ಅವರ ಪ್ರಬಂಧವನ್ನು ಲಂಡನ್ನಿನ ರಾಯಲ್ ಸೊಸೈಟಿ ಪ್ರಕಟಿಸಿತು. ಹಿಮದ ಹರಹು ಮತ್ತು ದಪ್ಪ ವಾಯವ್ಯ ಭಾರತದ ಬಯಲಿನ ಹವೆಯ ಮೇಲೆ ದೀರ್ಘಕಾಲದ ಪರಿಣಾಮ ಬೀರುತ್ತವೆ ಎಂಬುದು ಅದರ ಸಾರ.

ನಾಲ್ಕು ವರ್ಷಗಳ ಪರೀಕ್ಷೆ ಭರವಸೆ ನೀಡಿತು. 1886ರ ಜೂನ್ 4ರಂದು ಇಡೀ ಭಾರತ ಮತ್ತು ಬರ್ಮಾವನ್ನು ಒಳಗೊಂಡ ಮೊದಲ ಅಧಿಕೃತ ದೀರ್ಘಾವಧಿ ಮುನ್ಸೂಚನೆ ಹೊರಬಿತ್ತು. ಒಂದು ಇಡೀ ಋತುವಿನ ಮಳೆಯನ್ನು ಕುರಿತು ಸರ್ಕಾರಿ ಇಲಾಖೆಯೊಂದು ಕ್ರಮಬದ್ಧವಾಗಿ ಮುನ್ನುಡಿಯುವುದು ಜಗತ್ತಿಗೇ ಹೊಸದಾದ ಕೆಲಸವಾಗಿತ್ತು. ನೀವು ಇಂದು ಏಪ್ರಿಲ್‌ನಲ್ಲಿ ಕೇಳುವ ಮುನ್ಸೂಚನೆಯ ಬೇರು ಅಲ್ಲಿದೆ.

ಕೊನೆಯ ವರ್ಷಗಳು

ಅದೇ ಅವಧಿಯಲ್ಲಿ ಅವರು ಭಾರತದ ಮಳೆಯ ಕುರಿತು ವಿಸ್ತಾರವಾದ ಗ್ರಂಥವೊಂದನ್ನು ಸಿದ್ಧಪಡಿಸಿದರು. ದೇಶದ ಮೂಲೆಮೂಲೆಯ ಮಳೆಯ ಅಂಕಿಅಂಶಗಳನ್ನು ಒಂದೆಡೆ ತಂದ ಆ ಕೆಲಸ ಮುಂದಿನ ಎಲ್ಲ ಲೆಕ್ಕಾಚಾರಗಳಿಗೂ ಅಡಿಪಾಯವಾಯಿತು. 1889ರಲ್ಲಿ ಭಾರತ, ಸಿಲೋನ್ ಮತ್ತು ಬರ್ಮಾದ ಹವಾಮಾನದ ಕುರಿತು ಜನಸಾಮಾನ್ಯರಿಗೂ ಉಪಯುಕ್ತವಾಗುವ ಮಾರ್ಗದರ್ಶಿಯನ್ನು ಹೊರತಂದರು. 1880ರಲ್ಲಿಯೇ ರಾಯಲ್ ಸೊಸೈಟಿಯ ಸದಸ್ಯತ್ವ ಅವರಿಗೆ ದೊರೆತಿತ್ತು. ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಅಧ್ಯಕ್ಷರಾಗಿಯೂ ಅವರು ಸೇವೆ ಸಲ್ಲಿಸಿದರು.

ಮೂರು ದಶಕಗಳಿಗೂ ಮೀರಿದ ಸೇವೆಯ ಬಳಿಕ ನಿವೃತ್ತರಾಗಿ ಇಂಗ್ಲೆಂಡಿನ ಕಡಲತೀರದ ಫೋಕ್‌ಸ್ಟನ್ ಪಟ್ಟಣದಲ್ಲಿ ನೆಲೆಸಿದರು. 1893ರ ಜನವರಿ 23ರಂದು, ತಮ್ಮ 58ನೆಯ ವಯಸ್ಸಿನಲ್ಲಿ ಅಲ್ಲಿಯೇ ನಿಧನರಾದರು.

ಅವರ ನಂತರ

ಬ್ಲ್ಯಾನ್‌ಫರ್ಡ್ ಅವರ ಬಳಿಕ ಇಲಾಖೆಯ ಮುಖ್ಯಸ್ಥರಾದ ಜಾನ್ ಎಲಿಯಟ್ ಅವರು ಹಿಮದ ಜೊತೆಗೆ ಇನ್ನೂ ಅನೇಕ ಸುಳಿವುಗಳನ್ನು ಸೇರಿಸಿದರು. ಮುನ್ಸೂಚನೆಗಳು ಉದ್ದವಾದವು, ವಿವರಗಳು ಹೆಚ್ಚಿದವು. ಆದರೆ 1899ರಲ್ಲಿ ಸಾಮಾನ್ಯಕ್ಕಿಂತ ಹೆಚ್ಚು ಮಳೆಯನ್ನು ನಿರೀಕ್ಷಿಸಲಾಗಿತ್ತು. ಬಂದದ್ದು ಭೀಕರ ಬರ. ಪತ್ರಿಕೆಗಳಲ್ಲಿ ಕಟು ಟೀಕೆ ಬಂತು. ಕೆಲವು ವರ್ಷ ಮುನ್ಸೂಚನೆಗಳು ಸರ್ಕಾರದ ಒಳಗೇ ಉಳಿದವು.

1904ರಲ್ಲಿ ಹೊಣೆ ಹೊತ್ತ ಗಣಿತಜ್ಞ ಗಿಲ್ಬರ್ಟ್ ವಾಕರ್ ಅವರು ಸುಳಿವುಗಳನ್ನು ಸಂಖ್ಯಾಶಾಸ್ತ್ರದ ಒರೆಗೆ ಹಚ್ಚಿದರು. 1909ರ ಅವರ ಸಮೀಕರಣದಲ್ಲಿ ನಾಲ್ಕು ಅಂಶಗಳಿದ್ದವು: ಮೇ ಕೊನೆಯಲ್ಲಿ ಹಿಮಾಲಯದಲ್ಲಿ ಉಳಿದ ಹಿಮ, ಮಾರಿಷಸ್‌ನ ವಾಯುಭಾರ, ದಕ್ಷಿಣ ಅಮೆರಿಕದ ವಾಯುಭಾರ ಮತ್ತು ಜಾಂಜಿಬಾರ್‌ನ ಮಳೆ. ಬ್ಲ್ಯಾನ್‌ಫರ್ಡ್ ಅವರ ಹಿಮ ಅಲ್ಲಿಯೂ ಸ್ಥಾನ ಪಡೆಯಿತು, ಆದರೆ ನಾಲ್ಕರಲ್ಲಿ ಒಂದಾಗಿ ಮಾತ್ರ. ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ನಡುವೆ ವಾಯುಭಾರ ತಕ್ಕಡಿಯಂತೆ ಏರಿಳಿಯುವುದನ್ನು ವಾಕರ್ ಗುರುತಿಸಿದರು. ಇಂದು ನೀವು ಕೇಳುವ ಎಲ್ ನಿನೊ ಅದರ ಭಾಗ. 1877ರ ಬರದ ಹಿಂದೆಯೂ ಪ್ರಬಲ ಎಲ್ ನಿನೊ ಇತ್ತೆಂದು ಈಗ ತಿಳಿದಿದೆ. ಹಿಮವು ಒಂದು ಕಾರಣ, ಎಲ್ಲ ಕಾರಣವಲ್ಲ.

ಹಿಮಾಲಯದ ಹಿಮಕ್ಕೂ ಮುಂಗಾರಿಗೂ ಇರುವ ಸಂಬಂಧ ಎಲ್ಲ ದಶಕಗಳಲ್ಲಿಯೂ ಒಂದೇ ಬಲದಿಂದ ಕಾಣಲಿಲ್ಲ. 1970ರ ದಶಕದಲ್ಲಿ ಉಪಗ್ರಹಗಳು ಯುರೋಪ್ ಮತ್ತು ಏಷ್ಯಾದ ವಿಶಾಲ ಹಿಮದ ಹೊದಿಕೆಯನ್ನು ತೋರಿಸಿದಾಗ ಆ ವಿಚಾರಕ್ಕೆ ಮರುಜೀವ ಬಂತು. 1988ರಲ್ಲಿ ಬಳಕೆಗೆ ಬಂದ 16 ಅಂಶಗಳ ಮಾದರಿಯಲ್ಲಿಯೂ ಹಿಮಕ್ಕೆ ಜಾಗ ದೊರೆಯಿತು. ಆ ಮಾದರಿ 2002ರ ಬರವನ್ನು ಹಿಡಿಯಲಿಲ್ಲ, ಅದನ್ನು ಬದಲಿಸಲಾಯಿತು. ಈಗ ಗಣಕಯಂತ್ರಗಳು ಒಂದೇ ಲೆಕ್ಕವನ್ನು ಆರಂಭದ ಅಂಕಿಗಳನ್ನು ತುಸು ತುಸು ಬದಲಿಸಿ ಹಲವು ಬಾರಿ ಮಾಡುತ್ತವೆ. ಉತ್ತರಗಳು ಒಂದೆಡೆ ಗುಂಪುಗೂಡಿದರೆ ನಂಬಿಕೆ ಹೆಚ್ಚು, ಚದುರಿದರೆ ಕಡಿಮೆ. ಮುನ್ಸೂಚನೆಯೊಡನೆ ಬರುವ ಸಂಭವದ ಶೇಕಡಾವಾರು ಹುಟ್ಟುವುದು ಹೀಗೆ.

ನಿಮ್ಮ ಹೊಲಕ್ಕೆ ಈ ಜೀವನದ ಪಾಠ

ಬ್ಲ್ಯಾನ್‌ಫರ್ಡ್ ಅವರ ಸುಳಿವು ಮುಖ್ಯವಾಗಿ ವಾಯವ್ಯ ಮತ್ತು ಪಶ್ಚಿಮ ಭಾರತಕ್ಕೆ ಸಂಬಂಧಿಸಿದ್ದು. ಹಿಮಾಲಯದಲ್ಲಿ ತಡವಾಗಿ ಹಿಮ ಬಿತ್ತೆಂಬ ಸುದ್ದಿ ಕೇಳಿ ಕರ್ನಾಟಕದ ರೈತರು ಬಿತ್ತನೆಯನ್ನು ಬದಲಿಸಬೇಕಾಗಿಲ್ಲ. ಅವರಿಂದ ನಾವು ಪಡೆಯಬೇಕಾದದ್ದು ಅವರ ವಿಧಾನವನ್ನು.

1. ಎರಡೂ ಸಂಖ್ಯೆಗಳನ್ನು ಓದಿರಿ. ದೇಶದ ಮುಂಗಾರು ಮಳೆಯ ದೀರ್ಘಾವಧಿ ಸರಾಸರಿ 87 ಸೆಂಟಿಮೀಟರ್. ಅದರ ಶೇಕಡಾ 96ರಿಂದ 104ರವರೆಗಿನ ಮಳೆಯನ್ನು ಸಾಮಾನ್ಯ ಎನ್ನುತ್ತಾರೆ. ಮುನ್ಸೂಚನೆ ಶೇಕಡಾ 98 ಇದ್ದು, ವ್ಯತ್ಯಾಸ 5 ಇದ್ದರೆ, ಮಳೆ 93ಕ್ಕೂ ಇಳಿಯಬಹುದು, 103ಕ್ಕೂ ಏರಬಹುದು. ಇಳಿದರೆ ಏನು ಮಾಡುವುದೆಂಬುದನ್ನು ಬಿತ್ತುವ ಮೊದಲೇ ಯೋಚಿಸಿರಿ.

2. ದೇಶದ ಸಂಖ್ಯೆಯನ್ನು ನಿಮ್ಮ ಹೋಬಳಿಯ ಸಂಖ್ಯೆ ಎಂದು ತಿಳಿಯದಿರಿ. ಒಂದೇ ಹಿಮಪಾತ ಮೇಲಿನ ಹಳ್ಳಿಗೆ ಹಿಮವಾಗಿ, ಕೆಳಗಿನ ಹಳ್ಳಿಗೆ ಮಳೆಯಾಗಿ ಬರುವಂತೆ, ಒಂದೇ ಮುಂಗಾರು ಮಲೆನಾಡಿಗೊಂದು ಬಯಲುಸೀಮೆಗೊಂದು ರೀತಿಯಲ್ಲಿ ಬರುತ್ತದೆ. ಬಿತ್ತನೆ, ಗೊಬ್ಬರ, ಔಷಧ ಸಿಂಪಡಣೆಯ ದಿನವನ್ನು ನಿರ್ಧರಿಸಲು ಮಂಗಳವಾರ ಮತ್ತು ಶುಕ್ರವಾರ ಪ್ರಕಟವಾಗುವ ಜಿಲ್ಲಾ ಕೃಷಿ ಹವಾಮಾನ ಸಲಹೆಯನ್ನು ನೋಡಿರಿ. ಮೇಘದೂತ್ ಆ್ಯಪ್‌ನಲ್ಲಿಯೂ ಅದು ದೊರೆಯುತ್ತದೆ.

3. ಎಲ್ಲವನ್ನೂ ಒಂದೇ ದಿನಕ್ಕೆ, ಒಂದೇ ತಳಿಗೆ ಒಡ್ಡದಿರಿ. ಮಳೆ ಸಕಾಲಕ್ಕೆ ಬಂದರೆ ದೀರ್ಘಾವಧಿ ತಳಿ, ತಡವಾದರೆ ಮಧ್ಯಮಾವಧಿ, ಇನ್ನೂ ತಡವಾದರೆ ಅಲ್ಪಾವಧಿ ತಳಿ ಎಂಬ ಕ್ರಮವನ್ನು ಇಟ್ಟುಕೊಳ್ಳಿರಿ. ರಾಗಿಯೊಡನೆ ಅಕ್ಕಡಿ ಸಾಲುಗಳಲ್ಲಿ ತೊಗರಿ, ಅವರೆ ಹಾಕುವ ನಮ್ಮ ಹಿರಿಯರ ಪದ್ಧತಿ ಅನಿಶ್ಚಿತ ಮಳೆಗೆ ಕಂಡುಕೊಂಡ ಉತ್ತರವೇ ಆಗಿದೆ.

4. ಅಳೆದು ಬರೆದಿಡಿರಿ. ಮನೆಯ ಅಥವಾ ಮರದ ಮರೆಯಿಲ್ಲದ ತೆರೆದ ಜಾಗದಲ್ಲಿ ಮಳೆಮಾಪಕವಿಟ್ಟು ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳತೆ ಬರೆದಿಟ್ಟರೆ, ಹತ್ತು ವರ್ಷಗಳಲ್ಲಿ ನಿಮ್ಮ ಹೊಲದ ಮಳೆಯ ಸ್ವಭಾವ ನಿಮಗೇ ತಿಳಿಯುತ್ತದೆ.

5. ವಿಸ್ತರಣಾ ಕಾರ್ಯಕರ್ತರಿಗೆ ಒಂದು ವಿಶೇಷ ಮಾತು. ಮುನ್ಸೂಚನೆಯನ್ನು ರೈತರಿಗೆ ತಲುಪಿಸುವಾಗ ಸಂಭವ ಎಂಬ ಪದವನ್ನು ಖಂಡಿತ ಎಂದು ಬದಲಿಸದಿರಿ. ಸುಲಭವಾಗಿ ಹೇಳುವ ಭರದಲ್ಲಿ ಅನಿಶ್ಚಿತತೆಯನ್ನು ಬಿಟ್ಟುಬಿಟ್ಟರೆ, ಮಳೆ ತಪ್ಪಿದಾಗ ರೈತರು ಬೀಜವನ್ನಷ್ಟೇ ಅಲ್ಲ, ನಿಮ್ಮ ಮೇಲಿನ ನಂಬಿಕೆಯನ್ನೂ ಕಳೆದುಕೊಳ್ಳುತ್ತಾರೆ. ಹಿಂದಿನ ವರ್ಷದ ಮುನ್ಸೂಚನೆ ಎಷ್ಟು ಸರಿಯಾಯಿತು, ಎಲ್ಲಿ ತಪ್ಪಿತು ಎಂಬುದನ್ನೂ ರೈತರ ಸಭೆಯಲ್ಲಿ ಹೇಳಿರಿ.

ಬ್ಲ್ಯಾನ್‌ಫರ್ಡ್ ಅವರಿಗೆ ಹಿಮಾಲಯದ ಹಿಮ ಎಷ್ಟೆಂದು ಗೊತ್ತಿರಲಿಲ್ಲ. ಅಷ್ಟು ಗೊತ್ತಿಲ್ಲವೆಂಬುದು ಗೊತ್ತಿತ್ತು. ಅದನ್ನು ಮರೆಮಾಚದೆ, ಇದ್ದ ಸುಳಿವನ್ನು ನಾಲ್ಕು ವರ್ಷ ಪರೀಕ್ಷಿಸಿ, ಅನಂತರ ನಾಡಿನ ಮುಂದಿಟ್ಟರು. ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ ಬರದ ನೆನಪು ಅವರ ಬೆನ್ನ ಹಿಂದಿತ್ತು. ಈ ಬಾರಿ ಮುನ್ಸೂಚನೆ ಕೇಳಿದಾಗ ಎರಡನೆಯ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿರಿ. ಮಳೆಯ ಸ್ಥಿತಿಗೆ ತಕ್ಕ ಬೆಳೆ ಯೋಜನೆಗಾಗಿ ನಿಮ್ಮ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಬಿತ್ತನೆಗೆ ಮುನ್ನವೇ ಸಂಪರ್ಕಿಸಿರಿ.